‘ನಿಮ್ಮ ಮಗುವಿಗೆ ಅಂದಿದ್ದಲ್ಲ’ ಎಂಬ ಸಮಾಧಾನ ಯಾಕೆ ಸಾಲುವುದಿಲ್ಲ

ಆಫೀಸಿನಲ್ಲಿ ಒಬ್ಬ ತಪ್ಪು ಫೈಲು ಕಳಿಸಿದ್ದಾನೆ. ಪಕ್ಕದವನು ನಗುತ್ತಾ, "ಲೋ, ನೀನೇನು ಬುದ್ಧಿಮಾಂದ್ಯನಾ?" ಅನ್ನುತ್ತಾನೆ. ಸುತ್ತ ಇದ್ದವರೆಲ್ಲ ನಗುತ್ತಾರೆ, ಒಬ್ಬಳನ್ನು ಬಿಟ್ಟು. ಅವಳ ಮಗನಿಗೆ ಡೌನ್ ಸಿಂಡ್ರೋಮ್ ಇದೆ, ಬೌದ್ಧಿಕ ವೈಕಲ್ಯ ಜೊತೆಗಿರುವ, ಹುಟ್ಟಿನಿಂದಲೇ ಬರುವ ಸ್ಥಿತಿ ಅದು. ತಾನು ಬಾಯಿ ತೆರೆದರೆ ಯಾವ ಉತ್ತರ ಬರುತ್ತದೆ ಅಂತ ಅವಳಿಗೆ ಮೊದಲೇ ಗೊತ್ತು: "ಅಯ್ಯೋ ಮೇಡಂ, ನಿಮ್ಮ ಮಗುವಿಗೆ ಅಂದಿದ್ದಲ್ಲ."

ಆ ಉತ್ತರ ಸುಳ್ಳೇನಲ್ಲ. ಬೈದವನಿಗೆ ಆ ಹುಡುಗನ ಹೆಸರೂ ಗೊತ್ತಿರಲಿಕ್ಕಿಲ್ಲ. ಆದರೂ ಅವಳಿಗೆ ನೋವಾಗುತ್ತದೆ. ನೋಡಿದವರು "ಪಾಪ, ಸ್ವಲ್ಪ ಜಾಸ್ತಿ ಸೂಕ್ಷ್ಮ" ಅಂದುಕೊಂಡು ಸುಮ್ಮನಾಗುತ್ತಾರೆ. ಸೂಕ್ಷ್ಮ ಅನ್ನುವ ಮೊದಲು ಈ ಬಗೆಯ ಬೈಗುಳ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಸಲ ನೋಡಬೇಕು.

ಇಂಥ ಬೈಗುಳಕ್ಕೆ ಇಬ್ಬರು ಬೇಕು. ಒಬ್ಬ ಬೈಸಿಕೊಳ್ಳುವವನು. ಇನ್ನೊಬ್ಬ ಅಳತೆಗೋಲಾಗುವವನು. "ನೀನು ಅಂಥವನಾ?" ಅಂದಾಗ ಅದು ಚುಚ್ಚಬೇಕಾದರೆ "ಅಂಥವನು" ಕೀಳು ಅನ್ನುವುದನ್ನು ಅಲ್ಲಿರುವವರೆಲ್ಲ ಮೊದಲೇ ಒಪ್ಪಿರಬೇಕು. ಬೈದವನು ಒಪ್ಪಿದ್ದಾನೆ. ಬೈಸಿಕೊಂಡವನೂ ಒಪ್ಪಿದ್ದಾನೆ, ಅದಕ್ಕೇ ಅವನ ಮುಖ ಸಣ್ಣಗಾಗುವುದು. ನಕ್ಕವರೂ ಅಷ್ಟೇ. ತಪ್ಪು ಫೈಲು ಕಳಿಸಿದವನು ನಾಳೆ ಸರಿಯಾದದ್ದು ಕಳಿಸಿ ಆ ಜಾಗದಿಂದ ಎದ್ದು ಬರುತ್ತಾನೆ. ಅಳತೆಗೋಲಾದವನಿಗೆ ಎದ್ದು ಬರುವ ದಾರಿ ಇಲ್ಲ. ಆ ತಾಯಿ ಕೇಳಿಸಿಕೊಂಡದ್ದು ಅದನ್ನೇ: ತನ್ನ ಮಗ ಎಲ್ಲರಿಗಿಂತ ಕೆಳಗೆ ಎಂಬ ಮಾತು ಯಾರೂ ವಾದ ಮಾಡದೆ, ಸುಮ್ನೆ ಒಂದು ನಗುವಿನಲ್ಲಿ ತೀರ್ಮಾನವಾಗಿಹೋಯಿತು. ನೇರವಾಗಿ ಮಗನಿಗೇ ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು, ಅಲ್ವಾ?

ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ಬೌದ್ಧಿಕ ವೈಕಲ್ಯ ಇರುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಅಂದರೆ ಒಂದು ದೊಡ್ಡ ಸಭೆಯಲ್ಲಿ ಈ ಜೋಕು ಹೊಡೆದರೆ ಅಂಥವರ ಅಪ್ಪ, ಅಮ್ಮ, ಅಕ್ಕ, ತಮ್ಮ ಯಾರಾದರೂ ಅಲ್ಲಿ ಕೂತಿರುವುದು ಹೆಚ್ಚೂಕಡಿಮೆ ಖಚಿತ. ಅವರಲ್ಲಿ ಹೆಚ್ಚಿನವರು ಏನೂ ಹೇಳುವುದಿಲ್ಲ. ಹಾಗಾಗಿ ಜೋಕು ಹೊಡೆದವರಿಗೆ ಯಾರಿಗೂ ಬೇಸರವಾಗಿಲ್ಲ ಅಂತಲೇ ಅನಿಸುತ್ತದೆ.

ಬೌದ್ಧಿಕ ವೈಕಲ್ಯ ಅಂದರೆ ಏನು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಲಿಯುವುದು, ಯೋಚಿಸಿ ತೀರ್ಮಾನ ಮಾಡುವುದು, ಲೆಕ್ಕ ಹಾಕುವುದು ಕಷ್ಟವಾಗುತ್ತದೆ. ಜೊತೆಗೆ ದುಡ್ಡು ಸಂಭಾಳಿಸುವುದು, ಒಬ್ಬರೇ ಓಡಾಡುವುದು, ಇನ್ನೊಬ್ಬರ ಜೊತೆ ವ್ಯವಹರಿಸುವುದು ಮುಂತಾದ ದಿನದ ಬದುಕಿನ ಕೆಲಸಗಳಿಗೆ ಬೇರೆಯವರ ನೆರವು ಬೇಕಾಗುತ್ತದೆ. ಇದು ದೊಡ್ಡವರಾದ ಮೇಲೆ ಬರುವಂಥದ್ದಲ್ಲ, ಬೆಳೆಯುವ ವಯಸ್ಸಿನಲ್ಲೇ ಇರುತ್ತದೆ. ಹೆಚ್ಚಿನವರಲ್ಲಿ ಇದು ಸೌಮ್ಯ ಮಟ್ಟದ್ದು. ಸರಿಯಾಗಿ ಹೇಳಿಕೊಟ್ಟರೆ ಅವರು ಓದುತ್ತಾರೆ, ಕೆಲಸ ಮಾಡುತ್ತಾರೆ, ತಮ್ಮ ಬೇಕು ಬೇಡ ತಾವೇ ಹೇಳುತ್ತಾರೆ. ಇದು ಮಾನಸಿಕ ಕಾಯಿಲೆಯಲ್ಲ. ‘ಹುಚ್ಚ’, ‘ಮೆಂಟಲ್’ ಅನ್ನುವವರು ಎರಡನ್ನೂ ಕಲಸಿ ಇಬ್ಬರಿಗೂ ಒಟ್ಟಿಗೇ ಅನ್ಯಾಯ ಮಾಡುತ್ತಾರೆ.

ವೈದ್ಯರ ಬಾಯಿಂದ ಬೀದಿಗೆ

ಈ ಬೈಗುಳಗಳಲ್ಲಿ ಬಹಳಷ್ಟು ಬೀದಿಯಲ್ಲಿ ಹುಟ್ಟಿದವಲ್ಲ. ಇವು ವೈದ್ಯರ ಪುಸ್ತಕದಲ್ಲಿ, ಕಾನೂನಿನ ಪುಟದಲ್ಲಿ ಇದ್ದವು. ನಾವು ದಿನಾ ಬಳಸುವ ‘ಈಡಿಯಟ್’ ಒಂದು ಕಾಲಕ್ಕೆ ವೈದ್ಯರು ಬರೆದುಕೊಡುತ್ತಿದ್ದ ವರ್ಗದ ಹೆಸರು. ಅಮೆರಿಕದ ಮನಶ್ಶಾಸ್ತ್ರಜ್ಞ ಹೆನ್ರಿ ಗೊಡಾರ್ಡ್ 1910ರಲ್ಲಿ ಗ್ರೀಕ್ ಮೂಲದಿಂದ ‘ಮೋರಾನ್’ ಎಂಬ ಹೊಸ ಪದವನ್ನೇ ಕಟ್ಟಿದ. ಆಗಿನ ಲೆಕ್ಕದಲ್ಲಿ ಎರಡು ವರ್ಷದ ಮಗುವಿನಷ್ಟು ಬುದ್ಧಿ ಇದ್ದರೆ ಈಡಿಯಟ್, ಮೂರರಿಂದ ಏಳು ವರ್ಷದಷ್ಟಿದ್ದರೆ ಇಂಬೆಸಿಲ್, ಎಂಟರಿಂದ ಹನ್ನೆರಡಾದರೆ ಮೋರಾನ್. ಬ್ರಿಟನ್ ತನ್ನ 1913ರ ಕಾಯ್ದೆಯಲ್ಲಿ ಈಡಿಯಟ್, ಇಂಬೆಸಿಲ್ ಎರಡನ್ನೂ ಬರೆದುಕೊಂಡಿತು.

ಪದ ಏನು ಮಾಡಬಲ್ಲದು ಅಂತ ಕೇಳುವವರಿಗೆ 1927ರ ಒಂದು ತೀರ್ಪನ್ನು ತೋರಿಸಬೇಕು. ಅಮೆರಿಕದ ವರ್ಜೀನಿಯಾ ರಾಜ್ಯ ಕ್ಯಾರಿ ಬಕ್ ಎಂಬ ಯುವತಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ಹೊರಟಿತ್ತು. ಅವಳಿಗೂ ಅವಳ ತಾಯಿಗೂ ‘ಮಂದಬುದ್ಧಿ’ ಎಂಬ ಹಣೆಪಟ್ಟಿ ಅಂಟಿಸಿಯಾಗಿತ್ತು. ಅವಳ ಎಳೆ ಕೂಸನ್ನೂ ಅದೇ ಪಟ್ಟಿಗೆ ಸೇರಿಸಿದ್ದರು. ಸುಪ್ರೀಂ ಕೋರ್ಟ್ ಒಂಬತ್ತರಲ್ಲಿ ಎಂಟು ಮತಗಳಿಂದ ಸರ್ಕಾರದ ಪರ ನಿಂತಿತು. ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ "ಮೂರು ತಲೆಮಾರಿನ ಇಂಬೆಸಿಲ್‌ಗಳು ಸಾಕು" ಎಂದು ಬರೆದರು. ಆಮೇಲೆ ದಾಖಲೆ ತೆಗೆದು ನೋಡಿದವರಿಗೆ ಕ್ಯಾರಿಯ ಬುದ್ಧಿಗೆ ಏನೂ ಕೊರತೆ ಇರಲಿಲ್ಲ ಎಂದು ಗೊತ್ತಾಯಿತು. ಆ ಕೂಸು ಬೆಳೆದು ಶಾಲೆಯ ಜಾಣ ಮಕ್ಕಳ ಪಟ್ಟಿಯಲ್ಲೂ ಒಮ್ಮೆ ಬಂದಿತ್ತು. ಅಮೆರಿಕದಲ್ಲಿ ಇಂಥ ಕಾನೂನುಗಳಡಿ 60 ಸಾವಿರಕ್ಕೂ ಹೆಚ್ಚು ಜನರಿಗೆ ಬಲವಂತದ ಶಸ್ತ್ರಚಿಕಿತ್ಸೆ ಆಯಿತು. ಜರ್ಮನಿಯಲ್ಲಿ ನಾಜಿಗಳು ಇನ್ನೂ ಮುಂದೆ ಹೋದರು. ‘ಬದುಕಲು ಯೋಗ್ಯವಲ್ಲದ ಜೀವ’ ಎಂಬ ಮಾತು ಮೊದಲು ಚಾಲ್ತಿಗೆ ಬಂತು. 1939ರಿಂದ 1941ರ ನಡುವೆ, ಒಂದೇ ಯೋಜನೆಯಡಿ, ವೈಕಲ್ಯ ಇದ್ದ ಮತ್ತು ಮಾನಸಿಕ ಕಾಯಿಲೆ ಇದ್ದ 70 ಸಾವಿರಕ್ಕೂ ಹೆಚ್ಚು ಜನರನ್ನು ಕೊಂದರು.

ಆಫೀಸಿನ ಜೋಕಿಗೂ ಇದಕ್ಕೂ ಎಲ್ಲಿಯ ಸಂಬಂಧ ಅನ್ನಬಹುದು. ಜೋಕು ಹೊಡೆದವನು ಯಾರನ್ನೂ ಕೊಲ್ಲುವುದಿಲ್ಲ ನಿಜ. ಆದರೆ ಈ ಜನರ ಮೇಲೆ ಕಾನೂನು ಕೈಮಾಡಿದಾಗಲೆಲ್ಲ ಅದಕ್ಕೆ ಮುಂಚೆ ಒಂದು ಹೆಸರು ಇಟ್ಟಾಗಿತ್ತು, ಸುತ್ತಲಿನವರು ಆ ಹೆಸರನ್ನು ಒಪ್ಪಿಯಾಗಿತ್ತು.

ಒಂದು ಸಂಘದ ಬೋರ್ಡು

ಈ ಹೆಸರುಗಳು ಹೇಗೆ ಬದಲಾದವು ಅಂತ ಒಂದೇ ಕಡೆ ನೋಡಬೇಕಾದರೆ, ಈ ಕ್ಷೇತ್ರದ ಅಮೆರಿಕದ ಮುಖ್ಯ ವೃತ್ತಿಪರ ಸಂಘದ ಹೆಸರುಗಳನ್ನು ಸಾಲಾಗಿ ಓದಿದರೆ ಸಾಕು. 1876ರಲ್ಲಿ ಶುರುವಾದಾಗ ಅದರ ಉದ್ದ ಹೆಸರಿನಲ್ಲಿ ‘ಈಡಿಯಟಿಕ್’ ಮತ್ತು ‘ಫೀಬಲ್ ಮೈಂಡೆಡ್’ (ಮಂದಬುದ್ಧಿಯ) ಎರಡೂ ಇದ್ದವು. 1906ರಲ್ಲಿ ಮೊದಲಿನದು ಹೋಗಿ ಎರಡನೆಯದು ಉಳಿಯಿತು. 1933ರಲ್ಲಿ ‘ಮೆಂಟಲ್ ಡಿಫಿಷಿಯನ್ಸಿ’ (ಬುದ್ಧಿಯ ಕೊರತೆ) ಬಂತು. 1987ರಲ್ಲಿ ‘ಮೆಂಟಲ್ ರಿಟಾರ್ಡೇಶನ್’ ಆಯಿತು. 2007ರಲ್ಲಿ ಅದೂ ಹೋಗಿ ‘ಇಂಟೆಲೆಕ್ಚುವಲ್ ಅಂಡ್ ಡೆವಲಪ್‌ಮೆಂಟಲ್ ಡಿಸೆಬಿಲಿಟೀಸ್’ (ಬೌದ್ಧಿಕ ಮತ್ತು ಬೆಳವಣಿಗೆಯ ವೈಕಲ್ಯ) ಎಂದಾಯಿತು. ಪ್ರತಿ ಸಲವೂ ಹೊಸ ಹೆಸರನ್ನು ತಂದದ್ದು ಹಳೆಯದು ಬೈಗುಳವಾಗಿದೆ, ಮರ್ಯಾದೆಯ ಪದ ಬೇಕು ಅಂತಲೇ. ‘ರಿಟಾರ್ಡ್’ ಎಂಬ ಪದದ ಲ್ಯಾಟಿನ್ ಮೂಲಕ್ಕೆ ‘ನಿಧಾನ ಮಾಡು’ ಅಂತಷ್ಟೇ ಅರ್ಥ. ಅದೂ ಒಂದು ಕಾಲಕ್ಕೆ ಮೃದುವಾದ ಪದವಾಗಿತ್ತು. ಕೊನೆಗೆ ಶಾಲೆಯ ಮೈದಾನದಲ್ಲಿ ಮಕ್ಕಳು ಒಬ್ಬರಿಗೊಬ್ಬರು ಎಸೆಯುವ ಕಲ್ಲಾಯಿತು.

ಡೌನ್ ಸಿಂಡ್ರೋಮಿನ ಹೆಸರಿಗೂ ಇಂಥದ್ದೇ ಕತೆ ಇದೆ. ಬ್ರಿಟಿಷ್ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ 1866ರಲ್ಲಿ ಇದನ್ನು ವಿವರಿಸುವಾಗ, ಈ ಮಕ್ಕಳ ಮುಖ ಮಂಗೋಲಿಯನ್ನರ ಹಾಗಿದೆ ಅಂದುಕೊಂಡು ಆ ಜನಾಂಗದ ಹೆಸರನ್ನೇ ಅಂಟಿಸಿದ್ದರು. 1959ರಲ್ಲಿ ಫ್ರಾನ್ಸಿನ ಝೆರೋಮ್ ಲೆಜೂನ್ ಮತ್ತು ಜೊತೆಗಾರರು ಇದರ ಕಾರಣ ಒಂದು ಹೆಚ್ಚುವರಿ ಕ್ರೋಮೋಸೋಮು ಎಂದು ಪ್ರಕಟಿಸಿದರು. 1961ರಲ್ಲಿ ತಜ್ಞರ ಒಂದು ಗುಂಪು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದು ಹಳೇ ಹೆಸರು ಕೈಬಿಡಿ ಎಂದಿತು. 1965ರಲ್ಲಿ ಮಂಗೋಲಿಯಾ ದೇಶವೇ ವಿಶ್ವ ಆರೋಗ್ಯ ಸಂಸ್ಥೆಯನ್ನು ಅದನ್ನೇ ಕೇಳಿಕೊಂಡಿತು. ಒಂದೇ ಪದ ಮಗುವಿಗೂ ನೋವು ಮಾಡಿ, ಒಂದಿಡೀ ದೇಶಕ್ಕೂ ಅವಮಾನ ಮಾಡಿತ್ತು.

ಅಪ್ಪ ಅಮ್ಮಂದಿರು ಬಂದದ್ದು ಎಲ್ಲಿಂದ

ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಎಷ್ಟೋ ಕಡೆ ಅಪ್ಪ ಅಮ್ಮಂದಿರಿಗೆ ವೈದ್ಯರು ಕೊಡುತ್ತಿದ್ದ ಸಲಹೆ ಒಂದೇ: ಮಗುವನ್ನು ಸಂಸ್ಥೆಗೆ ಸೇರಿಸಿ, ಮರೆತುಬಿಡಿ, ಇನ್ನೊಂದು ಮಗು ಮಾಡಿಕೊಳ್ಳಿ. ಮನೆಯಲ್ಲೇ ಸಾಕುತ್ತೇವೆ ಅಂದವರಿಗೆ ಶಾಲೆಯ ಬಾಗಿಲು ಮುಚ್ಚಿರುತ್ತಿತ್ತು. ಬ್ರಿಟನ್ನಿನ ಜೂಡಿ ಫ್ರೈಡ್ ಎಂಬ ತಾಯಿ 1946ರಲ್ಲಿ ಮಕ್ಕಳ ಪಾಲನೆಯ ಪತ್ರಿಕೆಯೊಂದಕ್ಕೆ ಪತ್ರ ಬರೆದು, ನನ್ನ ಹಾಗೆ ಕಷ್ಟಪಡುತ್ತಿರುವ ತಾಯಂದಿರು ಇದ್ದೀರಾ ಎಂದು ಕೇಳಿದರು. ರಾಶಿ ಪತ್ರ ಬಂದವು. ಅಲ್ಲಿಂದ ಹುಟ್ಟಿದ ಪಾಲಕರ ಸಂಘವೇ ಇವತ್ತಿನ ಮೆನ್‌ಕ್ಯಾಪ್. ಅಮೆರಿಕದಲ್ಲಿ 1950ರಲ್ಲಿ ಬೇರೆ ಬೇರೆ ಊರಿನ ಪಾಲಕರ ಗುಂಪುಗಳು ಮಿನಿಯಾಪೊಲಿಸ್‌ನಲ್ಲಿ ಸೇರಿ ರಾಷ್ಟ್ರೀಯ ಸಂಘ ಕಟ್ಟಿದವು. ಈಗ ಅದರ ಹೆಸರು ‘ದಿ ಆರ್ಕ್’.

ಒಂದು ಮಾತು ಇಲ್ಲಿ ಹೇಳಲೇಬೇಕು. ಬ್ರಿಟನ್ನಿನ ಸಂಘ ತನ್ನ ಹೆಸರಲ್ಲೇ ‘ಹಿಂದುಳಿದ ಮಕ್ಕಳು’ ಅಂತ ಬರೆದುಕೊಂಡಿತ್ತು. ಅಮೆರಿಕದ ಸಂಘದ ಹೆಸರಲ್ಲಿ ‘ರಿಟಾರ್ಡೆಡ್’ ಪದವೇ ಇತ್ತು. ಅದನ್ನು ಆ ಪಾಲಕರೇ ಆರಿಸಿಕೊಂಡಿದ್ದರು. ಇವತ್ತು ಯಾವ ಪದಕ್ಕೆ ಪಾಲಕರು ಸಿಡಿಯುತ್ತಾರೋ ಅದೇ ಪದ ಅವತ್ತಿನ ಪಾಲಕರಿಗೆ ಸಭ್ಯವಾಗಿ ಕೇಳಿಸಿತ್ತು. ‘ಈಡಿಯಟ್’ಗಿಂತ ವಾಸಿ ಅಲ್ವಾ? ಇದನ್ನು ಎತ್ತಿ ತೋರಿಸಿ ಅಣಕಿಸುವವರಿದ್ದಾರೆ. ನನಗೆ ಇದರಲ್ಲಿ ಅಣಕಿಸುವಂಥದ್ದು ಕಾಣುವುದಿಲ್ಲ. ಅವತ್ತು ಅವರಿಗೆ ಶಾಲೆ ಬೇಕಿತ್ತು, ಡೇ ಕೇರ್ ಬೇಕಿತ್ತು, ಸಂಸ್ಥೆಯ ಗೋಡೆ ಒಡೆಯಬೇಕಿತ್ತು. ಕೈಗೆ ಸಿಕ್ಕ ಪದದಲ್ಲೇ ಕೇಳಿದರು. ಅವರು ಕೇಳಿದ್ದು ಸಿಕ್ಕುತ್ತಾ ಹೋದ ಹಾಗೆ ಆ ಮಕ್ಕಳು ಮನೆಯಿಂದ ಹೊರಗೆ ಬಂದರು. ಹೊರಗೆ ಬಂದ ಮೇಲೆ, ತಮ್ಮನ್ನು ಕರೆಯುವ ಪದ ಅವರ ಕಿವಿಗೇ ಬೀಳತೊಡಗಿತು. ಮಾತಿನ ಹೋರಾಟ ದೊಡ್ಡದಾದದ್ದು ಆಮೇಲೆ.

ಅಮೆರಿಕದ ಮೇರಿಲ್ಯಾಂಡಿನಲ್ಲಿ ರೋಸಾ ಎಂಬ ಹುಡುಗಿ ಇದ್ದಳು, ಡೌನ್ ಸಿಂಡ್ರೋಮ್ ಇದ್ದವಳು. ಅವಳ ಶಾಲೆಯ ದಾಖಲೆಯಲ್ಲಿ ‘ಮೆಂಟಲಿ ರಿಟಾರ್ಡೆಡ್’ ಎಂದು ಬರೆದದ್ದನ್ನು ತಾಯಿ ನೋಡಿದರು. ಮನೆಯಲ್ಲಿ ಯಾರೂ ಬಳಸಕೂಡದು ಅಂತ ಇದ್ದ ಪದ ಸರ್ಕಾರಿ ಕಾಗದದಲ್ಲಿ ಇತ್ತು. ಮನೆಯವರೆಲ್ಲ ಸೇರಿ ಮೊದಲು ರಾಜ್ಯದ ಕಾನೂನು ಬದಲಿಸಿದರು. ನಂತರ ಸೆನೆಟರ್ ಬಾರ್ಬರಾ ಮಿಕುಲ್ಸ್ಕಿ ಅದನ್ನು ವಾಷಿಂಗ್ಟನ್ನಿಗೆ ಒಯ್ದರು. ರೋಸಾಳ ಅಣ್ಣ ನಿಕ್ ರಾಜ್ಯದ ಶಾಸಕರ ಮುಂದೆ ನಿಂತು, ಜನರನ್ನು ನೀವು ಹೇಗೆ ಕರೆಯುತ್ತೀರೋ ಹಾಗೇ ನಡೆಸಿಕೊಳ್ಳುತ್ತೀರಿ ಎಂದ. 2010ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಒಬಾಮಾ ‘ರೋಸಾಸ್ ಲಾ’ಗೆ ಸಹಿ ಹಾಕಿದರು. ಆರೋಗ್ಯ, ಶಿಕ್ಷಣ, ಕಾರ್ಮಿಕ ವಿಷಯದ ಕೇಂದ್ರ ಕಾನೂನುಗಳಿಂದ ಹಳೇ ಪದ ಹೋಗಿ ‘ಇಂಟೆಲೆಕ್ಚುವಲ್ ಡಿಸೆಬಿಲಿಟಿ’ ಬಂತು. ಈ ಕಾನೂನು ಯಾರಿಗೂ ಹೊಸ ಸೌಲಭ್ಯ ಕೊಡಲಿಲ್ಲ, ಇದ್ದದ್ದನ್ನು ಕಿತ್ತುಕೊಳ್ಳಲೂ ಇಲ್ಲ. ಪದ ಮಾತ್ರ ಬದಲಾಯಿತು. ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂ 2013ರ ಆವೃತ್ತಿಯಲ್ಲಿ ಅದೇ ದಾರಿ ಹಿಡಿಯಿತು. 2014ರ ಒಂದು ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಹಳೇ ಪದ ಬಿಟ್ಟು ಹೊಸದನ್ನು ಬಳಸಿತು.

ರೋಸಾಸ್ ಲಾ ಬರುವ ಒಂದು ವರ್ಷ ಮೊದಲು, 2009ರಲ್ಲಿ, ಇಬ್ಬರು ಕಾಲೇಜು ಹುಡುಗರು ‘ರಿಟಾರ್ಡ್’ ಪದ ಬಳಸುವುದಿಲ್ಲ ಎಂದು ಮಾತು ಕೊಡಿಸುವ ಅಭಿಯಾನ ಶುರು ಮಾಡಿದ್ದರು. ಅವರಲ್ಲಿ ಒಬ್ಬನ ತಂಗಿಗೆ ಬೌದ್ಧಿಕ ವೈಕಲ್ಯ ಇತ್ತು. ಶಾಲೆ ಕಾಲೇಜುಗಳಲ್ಲಿ ಅದು ಜೋರಾಗಿ ಹಬ್ಬಿತು. 2019ರಲ್ಲಿ ಅವರೇ ಗುರಿ ಬದಲಿಸಿದರು. ಪದ ಬಿಡಿಸುವುದರ ಬದಲು ಜೊತೆಗೆ ಸೇರಿಸಿಕೊಳ್ಳುವುದರ ಮೇಲೆ ಒತ್ತು ಕೊಟ್ಟರು. ಯಾಕೆ ಅನ್ನುವುದು ಮುಂದಿನ ಕತೆ ಓದಿದರೆ ಅರ್ಥವಾಗುತ್ತದೆ.

ಜೋಯಿಯ ಹೆಸರು

"ಪದ ಬದಲಿಸಿ ಏನು ಉಪಯೋಗ? ಹೊಸ ಪದವೂ ನಾಳೆ ಬೈಗುಳ ಆಗುತ್ತದೆ" ಎಂಬ ವಾದವನ್ನು ಎಲ್ಲ ಪಾಲಕರೂ ಕೇಳಿರುತ್ತಾರೆ. ಈ ವಾದಕ್ಕೆ ಬಲ ಇದೆ. ಅದಕ್ಕೆ ಜೋಯಿ ಡೀಕನ್ ಕತೆಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಜೋಯಿಗೆ ಸೆರೆಬ್ರಲ್ ಪಾಲ್ಸಿ ಇತ್ತು, ಅಂದರೆ ಕೈಕಾಲು, ಬಾಯಿಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ. ಬುದ್ಧಿಗೆ ಏನೂ ಆಗಿರಲಿಲ್ಲ, ಆದರೆ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಬ್ರಿಟನ್ನಿನಲ್ಲಿ ಅವರನ್ನು ‘ಬುದ್ಧಿ ಕಡಿಮೆ ಇರುವವರ’ ದೊಡ್ಡ ಆಸ್ಪತ್ರೆಯೊಂದರಲ್ಲಿ ಇಟ್ಟಿದ್ದರು. ಅಲ್ಲೇ ಇದ್ದ ಎರ್ನಿ ಎಂಬ ಗೆಳೆಯನಿಗೆ ಮಾತ್ರ ಅವರ ಮಾತು ಅರ್ಥವಾಗುತ್ತಿತ್ತು. ಜೋಯಿ ಒಂದು ವಾಕ್ಯ ಹೇಳುವುದು. ಎರ್ನಿ ಅದನ್ನು ಕೇಳಿ ಬಿಡಿಸಿ ಹೇಳುವುದು. ಇನ್ನೊಬ್ಬ ಗೆಳೆಯ ಕೈಯಲ್ಲಿ ಬರೆದುಕೊಳ್ಳುವುದು. ಮತ್ತೊಬ್ಬ ಟೈಪ್ ಮಾಡುವುದು. ಹೀಗೆ ನಾಲ್ಕು ಜನ ಸೇರಿ ಜೋಯಿಯ ಆತ್ಮಕತೆ ಬರೆದರು. 1974ರಲ್ಲಿ ಅದು ಪ್ರಕಟವಾಯಿತು. 1981 ಅಂಗವಿಕಲರ ಅಂತರರಾಷ್ಟ್ರೀಯ ವರ್ಷವಾಗಿತ್ತು. ಆಗ ಬಿಬಿಸಿಯ ಮಕ್ಕಳ ಕಾರ್ಯಕ್ರಮವೊಂದು, ಎಷ್ಟೇ ಕಷ್ಟ ಬಂದರೂ ಮನುಷ್ಯ ಏನು ಸಾಧಿಸಬಹುದು ಅಂತ ತೋರಿಸಲು ಜೋಯಿಯನ್ನು ತೆರೆಗೆ ತಂದಿತು. ಒಳ್ಳೆಯ ಉದ್ದೇಶವೇ. ಆದರೆ ಆದದ್ದೇ ಬೇರೆ. ದೇಶದ ತುಂಬ ಶಾಲಾ ಮಕ್ಕಳು ‘ಜೋಯಿ’ ಎಂಬ ಹೆಸರನ್ನೇ ಬೈಗುಳ ಮಾಡಿಕೊಂಡರು. ಅವರ ಮಾತು, ಕೈಕಾಲಿನ ಚಲನೆಯನ್ನು ಅಣಕಿಸಿ "ನೀನೊಬ್ಬ ಜೋಯಿ" ಅನ್ನತೊಡಗಿದರು. ಅದು ಎಷ್ಟೋ ವರ್ಷ ಉಳಿಯಿತು.

ಮೂವರು ಗೆಳೆಯರ ಜೊತೆ ಕೂತು ವಾಕ್ಯ ವಾಕ್ಯವಾಗಿ ತನ್ನ ಬದುಕು ಬರೆಸಿದ ಮನುಷ್ಯನ ಹೆಸರು ಅದು. ವೈದ್ಯರ ಪದವೂ ಅಲ್ಲ, ಕಾನೂನಿನ ಪದವೂ ಅಲ್ಲ. ಬೈಗುಳಕ್ಕೆ ಕೆಟ್ಟ ಪದವೇ ಬೇಕು ಅಂತೇನಿಲ್ಲ ಎಂದು ಇದರಿಂದ ಗೊತ್ತಾಗುತ್ತದೆ. ತಿರಸ್ಕಾರ ಇದ್ದರೆ ಯಾವ ಪದವಾದರೂ ನಡೆಯುತ್ತದೆ. ಸೆರೆಬ್ರಲ್ ಪಾಲ್ಸಿ ಇರುವವರಿಗಾಗಿ ಇದ್ದ ಬ್ರಿಟನ್ನಿನ ‘ಸ್ಪಾಸ್ಟಿಕ್ಸ್ ಸೊಸೈಟಿ’ಗೂ ಇದೇ ಆಯಿತು. ‘ಸ್ಪಾಸ್ಟಿಕ್’ ಬೈಗುಳವಾಯಿತು ಅಂತ 1994ರಲ್ಲಿ ಅದು ‘ಸ್ಕೋಪ್’ ಎಂದು ಹೆಸರು ಬದಲಿಸಿತು. ಮಕ್ಕಳು ‘ಸ್ಕೋಪರ್’ ಅಂತ ಹೊಸ ಬೈಗುಳ ಮಾಡಿಕೊಂಡರು.

ಹಾಗಾದರೆ ಪಾಲಕರು ಸುಮ್ಮನಿರಬೇಕಾ? ನನ್ನ ಅಭಿಪ್ರಾಯದಲ್ಲಿ ಈ ವಾದ ಅರ್ಧ ದಾರಿಗೇ ನಿಂತುಬಿಡುತ್ತದೆ. ತಿರಸ್ಕಾರ ಪದದಿಂದ ಪದಕ್ಕೆ ಹಾರುತ್ತದೆ ಅಂದರೆ ಪ್ರತಿ ಪದದ ಜೊತೆಗೂ ತಿರಸ್ಕಾರದ ಮಾತೆತ್ತಬೇಕು ಅಂತ ಅರ್ಥ. ಪದ ಹಾಗೇ ಇರಲಿ ಅಂತಲ್ಲ. ಮಾತಾಡುವ ಪಾಲಕರು ಮಾಡುವುದೂ ಇದನ್ನೇ. "ಈ ಪದ ಬೇಡ" ಅನ್ನುವುದು ಅವರ ಮೊದಲ ವಾಕ್ಯ ಅಷ್ಟೇ. ಎರಡನೇ ವಾಕ್ಯ "ನನ್ನ ಮಗನನ್ನು ಅಳತೆಗೋಲು ಮಾಡಬೇಡಿ." ಕೇಳಿಸಿಕೊಳ್ಳುವವರು ಮೊದಲನೆಯದಕ್ಕೇ ಕೋಪ ಮಾಡಿಕೊಂಡು, "ಈಗ ಏನು ಮಾತಾಡಿದರೂ ತಪ್ಪು" ಅಂತ ಎದ್ದು ಹೋಗುತ್ತಾರೆ. ಈಚಿನ ವರ್ಷಗಳಲ್ಲಿ ಇಂಗ್ಲಿಷಿನ ‘ರಿಟಾರ್ಡ್’ ಎಂಬ ಆ ಹಳೇ ಪದ ಪಾಡ್‌ಕಾಸ್ಟು, ಸೋಷಿಯಲ್ ಮೀಡಿಯಾಗಳಲ್ಲಿ ಮತ್ತೆ ತಲೆ ಎತ್ತಿದೆ. ಅದನ್ನು ಬಳಸುವುದೇ ಒಂದು ಧೈರ್ಯ ಎಂಬಂತೆ ಬಳಸುವವರೂ ಇದ್ದಾರೆ. ತಿರುಗಿ ಬೈಯಲಾರದವರ ಹೆಸರಿನಲ್ಲಿ ಬೈಯುವುದಕ್ಕೆ ಎಂಥ ಧೈರ್ಯ ಬೇಕು ಅನ್ನುವುದು ನನಗೆ ತಿಳಿಯದ ವಿಷಯ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಭಾರತದಲ್ಲಿ 1995ರ ಅಂಗವಿಕಲರ ಕಾಯ್ದೆ ‘ಮೆಂಟಲ್ ರಿಟಾರ್ಡೇಶನ್’ ಎಂದೇ ಬರೆದಿತ್ತು. ಅದರ ಜಾಗಕ್ಕೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ‘ಇಂಟೆಲೆಕ್ಚುವಲ್ ಡಿಸೆಬಿಲಿಟಿ’ ಅನ್ನುತ್ತದೆ. ಇವೆರಡರ ನಡುವೆ, ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗಾಗಿ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂದಿತ್ತು. "ನಮ್ಮ ನಂತರ ಈ ಮಗುವಿಗೆ ಯಾರು?" ಎಂಬ ಅಪ್ಪ ಅಮ್ಮಂದಿರ ಪ್ರಶ್ನೆಗೆ ಉತ್ತರ ಕೊಡಲು ಹೊರಟ ಕಾಯ್ದೆ ಅದು. ಅದರ ಪೂರ್ತಿ ಹೆಸರಿನಲ್ಲೇ ‘ಮೆಂಟಲ್ ರಿಟಾರ್ಡೇಶನ್’ ಇದೆ. 2016ರ ಕಾಯ್ದೆ ಬಂದಾಗಲೂ ಆ ಹೆಸರು ಬದಲಾಗಲಿಲ್ಲ.

2016ರ ಕಾಯ್ದೆಯ 92ನೇ ಸೆಕ್ಷನ್ ನೋಡಬೇಕಾದದ್ದು. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ, ಅವಮಾನ ಮಾಡುವ ಉದ್ದೇಶದಿಂದ, ಅಂಗವಿಕಲ ವ್ಯಕ್ತಿಯನ್ನು ಬೇಕಂತಲೇ ನಿಂದಿಸಿದರೆ ಅಥವಾ ಬೆದರಿಸಿದರೆ ಕನಿಷ್ಠ ಆರು ತಿಂಗಳು, ಗರಿಷ್ಠ ಐದು ವರ್ಷ ಜೈಲು, ಜೊತೆಗೆ ದಂಡ. ಕೇಳಲು ಗಟ್ಟಿಯಾಗಿದೆ. ಆದರೆ ನಿಂದನೆ ಅಂಗವಿಕಲ ವ್ಯಕ್ತಿಗೇ ಆಗಿರಬೇಕು, ಉದ್ದೇಶವೂ ಇರಬೇಕು. ಆಫೀಸಿನ ಜೋಕು ಇದರೊಳಗೆ ಬರುವುದು ಕಷ್ಟ. "ನಿಮ್ಮ ಮಗುವಿಗೆ ಅಂದಿದ್ದಲ್ಲ" ಎಂಬ ಅದೇ ಮಾತು ಕೋರ್ಟಿನಲ್ಲೂ ಬೈದವನನ್ನು ಕಾಯಬಹುದು. ಕಾನೂನು ಹಾಗೇ ಇರಬೇಕು ಅಂತ ನನಗೂ ಅನಿಸುತ್ತದೆ. ಪ್ರತಿ ಕೆಟ್ಟ ಜೋಕಿಗೂ ಪೊಲೀಸ್ ಬರುವುದು ಯಾರಿಗೂ ಒಳ್ಳೆಯದಲ್ಲ. ಹೆಚ್ಚಿನ ಪಾಲಕರೂ ಅದನ್ನು ಕೇಳುವುದಿಲ್ಲ.

ಜೋಕಿನ ವಿಷಯದಲ್ಲಿ ಭಾರತದ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಒಂದು ಉಪಯುಕ್ತ ಗೆರೆ ಎಳೆಯಿತು. ಸಿನಿಮಾದಲ್ಲಿ ಅಂಗವಿಕಲರನ್ನು ತೋರಿಸುವ ಬಗ್ಗೆ ಬಂದ ಕೇಸು ಅದು. ವೈಕಲ್ಯದ ಬದುಕನ್ನು ಅರ್ಥ ಮಾಡಿಸುವ ಹಾಸ್ಯ ಒಂದು, ಅಂಗವಿಕಲರನ್ನು ಕೀಳು ಮಾಡುವ ಹಾಸ್ಯ ಇನ್ನೊಂದು, ಎರಡೂ ಒಂದಲ್ಲ ಎಂದು ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಬರೆದರು. ಕೀಳು ಮಾಡುವ ಪದಗಳನ್ನು ಬಿಡುವಂತೆಯೂ ಹೇಳಿದರು. ಈ ಗೆರೆ ಮನೆಯೊಳಗೂ ಚೆನ್ನಾಗಿ ನಡೆಯುತ್ತದೆ. ಈ ಮಕ್ಕಳಿರುವ ಮನೆಗಳಲ್ಲಿ ನಗು ಇಲ್ಲ ಅಂದುಕೊಂಡವರು ಅಂಥ ಮನೆಗೆ ಹೋಗಿಲ್ಲ ಅಂತ ಅರ್ಥ. ಮಗನ ಹಟ, ಅವನ ಚಾಲಾಕಿತನ, ಅಪ್ಪನನ್ನು ಯಾಮಾರಿಸಿ ಎರಡನೇ ಐಸ್‌ಕ್ರೀಮ್ ಹೊಡೆಯುವುದು, ಎಲ್ಲಕ್ಕೂ ನಗುತ್ತಾರೆ. ಅವನೂ ಜೊತೆಗೆ ನಗುತ್ತಾನೆ.

ಬಾಯಿ ತೆರೆಯುವುದು ಹೇಗೆ

ಹೊರಗಿನವರಿಗೆ ಕಾಣದ ಒಂದು ಲೆಕ್ಕಾಚಾರ ಪಾಲಕರ ತಲೆಯಲ್ಲಿ ಯಾವಾಗಲೂ ನಡೆಯುತ್ತಿರುತ್ತದೆ. ಹೇಳಲಾ, ಬಿಡಲಾ? ಹೇಳಿದರೆ ಊಟದ ಮನೆಯ ಖುಷಿ ಹಾಳಾಗುತ್ತದೆ. "ಇವರ ಮುಂದೆ ಹುಷಾರಾಗಿ ಮಾತಾಡಬೇಕಪ್ಪ" ಅನಿಸಿಕೊಳ್ಳಬೇಕಾಗುತ್ತದೆ. ಮುಂದಿನ ಸಲ ಕರೆಯದೇ ಹೋಗಬಹುದು. ಬಿಟ್ಟರೆ ರಾತ್ರಿ ನಿದ್ದೆ ಬರುವುದಿಲ್ಲ. ಬಾಸ್ ಹೇಳಿದ್ದಾದರೆ ಒಂದು ಲೆಕ್ಕ, ಅತ್ತೆ ಹೇಳಿದ್ದಾದರೆ ಇನ್ನೊಂದು. ಸ್ವಂತ ಅಣ್ಣನೇ ಅಂದರೆ ಅದೇ ಹೆಚ್ಚು ಕಷ್ಟ.

ಮಗು ಪಕ್ಕದಲ್ಲೇ ಇದ್ದರೆ ಲೆಕ್ಕವೇ ಬದಲಾಗುತ್ತದೆ. "ಅವನಿಗೇನು ಅರ್ಥವಾಗುತ್ತೆ ಬಿಡಿ" ಅನ್ನುತ್ತಾರೆ, ಅವನ ಮುಂದೆಯೇ. ಅರ್ಥವಾಗುತ್ತದೆ. ಮಾತು ಸರಿಯಾಗಿ ಆಡಲು ಬಾರದ ಮಕ್ಕಳೂ ದನಿ ಹಿಡಿದು ತಿಳಿದುಕೊಳ್ಳುತ್ತಾರೆ. ಯಾರು ತಮ್ಮನ್ನು ನೋಡಿ ನಗುತ್ತಿದ್ದಾರೆ, ಯಾರು ತಮ್ಮ ಜೊತೆ ನಗುತ್ತಿದ್ದಾರೆ ಅನ್ನುವ ವ್ಯತ್ಯಾಸ ಹಲವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅಮ್ಮ ಏನೂ ಹೇಳದೆ ಸುಮ್ಮನಿದ್ದದ್ದೂ ಅವರಿಗೆ ಗೊತ್ತಾಗುತ್ತದೆ. ಹಾಗಾಗಿ ಇಂಥ ಹೊತ್ತಲ್ಲಿ ಹೆಚ್ಚಿನ ಪಾಲಕರು ಭಾಷಣ ಬಿಟ್ಟು ಒಂದೇ ಮಾತು ಹೇಳುತ್ತಾರೆ: "ಅವನು ಇಲ್ಲೇ ಇದ್ದಾನೆ, ಕೇಳಿಸಿಕೊಳ್ತಿದ್ದಾನೆ." ಇದಕ್ಕಿಂತ ಉದ್ದದ ಮಾತು ಬೇಕಾಗುವುದಿಲ್ಲ.

ಮಗು ಇಲ್ಲದಾಗ, ಎಲ್ಲರ ಮುಂದೆ ಹೇಳುವುದಕ್ಕಿಂತ ಆಮೇಲೆ ಪಕ್ಕಕ್ಕೆ ಕರೆದು ಹೇಳಿದರೆ ಕೆಲಸ ಆಗುವುದು ಜಾಸ್ತಿ. "ನೀವು ಕೆಟ್ಟವರು" ಅಂದರೆ ಎದುರಿನವರು ತಮ್ಮನ್ನು ಕಾಪಾಡಿಕೊಳ್ಳಲು ಶುರು ಮಾಡುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. "ಆ ಪದ ಕೇಳಿದಾಗ ನನಗೆ ನನ್ನ ಮಗಳು ನೆನಪಾಗ್ತಾಳೆ" ಅಂದರೆ ವಾದ ಮಾಡಲು ಏನೂ ಉಳಿಯುವುದಿಲ್ಲ. ಇನ್ನು ಹೇಳಿಸಿಕೊಂಡವರ ಪಾಲಿನ ಕೆಲಸ ಬಹಳ ಸಣ್ಣದು. "ಸಾರಿ, ಗೊತ್ತಾಗಲಿಲ್ಲ" ಅಂದು ಮುಂದಿನ ಮಾತಿಗೆ ಹೋದರೆ ಆಯಿತು. ತಾನು ಎಷ್ಟು ಒಳ್ಳೆಯವನು, ಅಂಥ ಮಕ್ಕಳ ಮೇಲೆ ತನಗೆಷ್ಟು ಅಯ್ಯೋ ಅನಿಸುತ್ತದೆ ಅಂತ ಹತ್ತು ನಿಮಿಷ ವಿವರಿಸಿದರೆ, ಕೊನೆಗೆ ಆ ತಾಯಿಯೇ ಅವನನ್ನು ಸಮಾಧಾನ ಮಾಡಬೇಕಾಗುತ್ತದೆ.

ಮೈಕು ಯಾರ ಕೈಯಲ್ಲಿ

ಪಾಲಕರ ಮಾತಿಗೂ ಒಂದು ಮಿತಿ ಇದೆ. ಅದನ್ನು ತೋರಿಸಿಕೊಟ್ಟವರು ಅವರ ಮಕ್ಕಳೇ. 1974ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಬೌದ್ಧಿಕ ವೈಕಲ್ಯ ಇರುವವರು ತಾವೇ ಸೇರಿ ಸಂಘಟನೆ ಕಟ್ಟಿದರು. ಅದರ ಹೆಸರು ‘ಪೀಪಲ್ ಫಸ್ಟ್’, ಅಂದರೆ ಮೊದಲು ನಾವು ಮನುಷ್ಯರು. ಈ ಥರದ ಗುಂಪುಗಳು ಈಗ ಬಹಳ ದೇಶಗಳಲ್ಲಿವೆ. ಅಲ್ಲಿ ಬೀದಿಯ ಬೈಗುಳದ ಬಗ್ಗೆ ಎಷ್ಟು ದೂರು ಬರುತ್ತದೋ, ಮನೆಯ ಪ್ರೀತಿಯ ಮಾತಿನ ಬಗ್ಗೆಯೂ ದೂರು ಬರುತ್ತದೆ. ಮೂವತ್ತು ವರ್ಷದ ಮಗನನ್ನು "ಅವನಿನ್ನೂ ಮಗು" ಅನ್ನುವುದು. ದೇವರ ಮಗು ಅನ್ನುವುದು. "ಇವನ ಬುದ್ಧಿ ಐದು ವರ್ಷದವರಷ್ಟು" ಅನ್ನುವುದು, ಗೊಡಾರ್ಡ್‌ನ ಅದೇ ಹಳೇ ಲೆಕ್ಕ. ಅವನಿಗೆ ಮೂವತ್ತು ವರ್ಷದ ಅನುಭವ ಇದೆ, ಇಷ್ಟಪಟ್ಟ ಹುಡುಗಿ ಇರಬಹುದು, ಬಸ್ಸಿನ ನಂಬರು ಬಾಯಿಪಾಠ ಇರಬಹುದು. ಐದು ವರ್ಷದ ಮಗುವಿಗೆ ಇವೇನೂ ಇರುವುದಿಲ್ಲ.

2012ರಲ್ಲಿ ಅಮೆರಿಕದ ಒಬ್ಬ ಅಂಕಣಗಾರ್ತಿ ಚುನಾವಣೆಯ ಚರ್ಚೆಯೊಂದರ ನಂತರ ಅಧ್ಯಕ್ಷರನ್ನು ‘ರಿಟಾರ್ಡ್’ ಎಂದು ಕರೆದರು. ಆಗ ಎಲ್ಲರಿಗಿಂತ ಹೆಚ್ಚು ಓದಿಸಿಕೊಂಡ ಉತ್ತರ ಡೌನ್ ಸಿಂಡ್ರೋಮ್ ಇರುವ ಜಾನ್ ಫ್ರಾಂಕ್ಲಿನ್ ಸ್ಟೀಫನ್ಸ್ ಬರೆದ ಬಹಿರಂಗ ಪತ್ರ. ಅವರು ಬೈಯಲಿಲ್ಲ. ನೀವು ದಡ್ಡರೂ ಅಲ್ಲ, ಹಗುರ ಮನಸ್ಸಿನವರೂ ಅಲ್ಲ, ಮತ್ತೆ ಈ ಪದ ಯಾಕೆ ಎಂದು ಕೇಳಿದರು. ಐದು ವರ್ಷದ ನಂತರ ಅವರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು, ನಾನು ಡೌನ್ ಸಿಂಡ್ರೋಮ್ ಇರುವ ಮನುಷ್ಯ, ನನ್ನ ಬದುಕು ಬದುಕಲು ಯೋಗ್ಯವಾದದ್ದು ಎಂದರು. ಅಪ್ಪ ಅಮ್ಮ ಎಷ್ಟು ಚೆನ್ನಾಗಿ ಮಾತಾಡಿದರೂ ಈ ವಾಕ್ಯವನ್ನು ಅವರು ಹೇಳಲಾಗುವುದಿಲ್ಲ.

ಎಲ್ಲರೂ ಸ್ಟೀಫನ್ಸ್ ಹಾಗೆ ಮಾತಾಡಲಾರರು. ಮಾತೇ ಬಾರದವರಿಗೆ ಕೊನೆಯವರೆಗೂ ಅಪ್ಪ ಅಮ್ಮ, ಅಕ್ಕ ತಮ್ಮಂದಿರೇ ದನಿಯಾಗಬೇಕು. ಆದರೆ ನಾಲ್ಕು ಮಾತು ಆಡಬಲ್ಲವರೂ ತುಂಬ ಜನ ಇದ್ದಾರೆ. ಅವರಿಗೆ ಮನೆಯಲ್ಲೇ ಹೇಳಿಕೊಡಬಹುದಾದ ವಾಕ್ಯ ಚಿಕ್ಕದು: "ಹಾಗೆ ಕರೀಬೇಡಿ, ನಂಗೆ ಇಷ್ಟ ಆಗಲ್ಲ." ಕನ್ನಡಿಯ ಮುಂದೆ, ಊಟದ ಟೇಬಲ್ಲಿನಲ್ಲಿ, ತಂಗಿಯನ್ನೇ ಬೈಯುವವಳನ್ನಾಗಿ ಮಾಡಿ ಆಟದ ಹಾಗೆ ಹೇಳಿಸಬಹುದು. ಮಗ ಅದನ್ನು ಹೊರಗೆ ಹೇಳಲು ಹೊರಟಾಗ ತಡವರಿಸುತ್ತಾನೆ, ಪದ ಹುಡುಕುತ್ತಾನೆ, ಎದುರಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅಷ್ಟು ಹೊತ್ತೂ ಅಪ್ಪ ಅಮ್ಮ ಮಧ್ಯೆ ಬಾಯಿ ಹಾಕಬಾರದು. ಇಷ್ಟು ವರ್ಷ ಅವನ ಪರವಾಗಿ ಜಗಳವಾಡಿ ರೂಢಿಯಾದವರಿಗೆ ಅವನಿಗಿಂತ ಹೆಚ್ಚಿನ ಅಭ್ಯಾಸ ಬೇಕಾಗು­ವುದು ಇದಕ್ಕೇ.